ಸೂಜಿ ಕೊನೆಗೆ: ವಾಷರ್ ನೀರು ಗಾಜಿನ ಸರಿಯಾದ ಜಾಗಕ್ಕೆ ಬೀಳಬೇಕಾದರೆ

ಸಂಜೆ ಹೊತ್ತು. ಸೂರ್ಯ ಎದುರಿಗೇ ಕಣ್ಣಿನ ಮಟ್ಟಕ್ಕೆ ಇಳಿದಿದ್ದ. ಕಾರಿನ ಮುಂದಿನ ಗಾಜಿನ ಮೇಲೆ ಧೂಳು, ಧೂಳಿನ ಮೇಲೆ ಬಡಿದು ಸತ್ತ ಹುಳಗಳ ಕಲೆ. ಸ್ಟಿಯರಿಂಗ್ ಪಕ್ಕದ ಕಡ್ಡಿ ಎಳೆದೆ. ಬಲಗಡೆಯ ನೀರು ಗಾಜನ್ನು ಮುಟ್ಟಲೇ ಇಲ್ಲ, ಸೀದಾ ಛಾವಣಿ ದಾಟಿ ಹಿಂದೆ ಹೋಯಿತು. ಎಡಗಡೆಯದು ವೈಪರಿನ ಬುಡದಲ್ಲೇ ಸೋರಿ ಬಿತ್ತು. ವೈಪರ್ ಮಾತ್ರ ಒಣಗಾಜಿನ ಮೇಲೆ ಒಂದು ಸಲ ಕಿರ್ರೆಂದು ಆಡಿ, ಅಲ್ಲಲ್ಲಿ ಇದ್ದ ಕೊಳೆಯನ್ನು ಎಲ್ಲ ಕಡೆಗೂ ಬಳಿದಿಟ್ಟಿತು. ಮೂರ್ನಾಲ್ಕು ಸೆಕೆಂಡು ನನಗೆ ರಸ್ತೆಯೇ ಕಾಣಲಿಲ್ಲ.

ಮನೆಗೆ ಬಂದವನು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಗುಂಡುಸೂಜಿ ತಗೊಂಡು ಎರಡೂ ನಾಝಲ್‌ಗಳ, ಅಂದರೆ ನೀರು ಚಿಮ್ಮುವ ಪುಟ್ಟ ಬಾಯಿಗಳ, ತೂತಿಗೆ ಚುಚ್ಚಿ ತಿರುಗಿಸಿದೆ. ಮೇಲೆ ಹೋಗುತ್ತಿದ್ದದ್ದನ್ನು ಕೆಳಗೆ, ಕೆಳಗೆ ಬೀಳುತ್ತಿದ್ದದ್ದನ್ನು ಮೇಲೆ. ಐದು ನಿಮಿಷದ ಕೆಲಸ. ನಿಂತ ಕಾರಿನಲ್ಲಿ ಎರಡೂ ಧಾರೆ ಗಾಜಿನ ನಡುವಿಗೆ ಬಂದವು. ಖುಷಿಯಾಯಿತು.

ಒಂದು ತಿಂಗಳಾದ ಮೇಲೆ ವಾಷರ್ ಟ್ಯಾಂಕ್ ತೊಳೆದು, ಪೈಪು ಊದಿ ಎಲ್ಲ ಚೊಕ್ಕ ಮಾಡಿದೆ. ಕಡ್ಡಿ ಎಳೆದರೆ, ಈ ಸಲ ಎಡಗಡೆಯ ಧಾರೆಯೇ ಛಾವಣಿ ದಾಟಿ ಹಾರಿಹೋಯಿತು!

ಆಗ ಗೊತ್ತಾಯಿತು, ನನ್ನ ಕಾರಿನಲ್ಲಿದ್ದದ್ದು ಒಂದು ತೊಂದರೆಯಲ್ಲ, ಎರಡು. ಬಲಗಡೆಯ ನಾಝಲ್ ನಿಜವಾಗಿಯೂ ದಿಕ್ಕು ತಪ್ಪಿತ್ತು, ಬಹುಶಃ ಕಾರು ಒರೆಸುವಾಗ ಬಟ್ಟೆ ಸಿಕ್ಕಿಕೊಂಡು. ಎಡಗಡೆಯದರ ದಿಕ್ಕು ಸರಿಯಾಗಿಯೇ ಇತ್ತು. ಅದಕ್ಕೆ ಕಡಿಮೆಯಾಗಿದ್ದದ್ದು ನೀರಿನ ರಭಸ. ರಭಸ ಇಲ್ಲದ ಧಾರೆಯನ್ನು ನಾನು ದಿಕ್ಕು ಬದಲಿಸಿ ಸರಿಮಾಡಲು ಹೋಗಿದ್ದೆ. ರಭಸ ವಾಪಸ್ ಬಂದ ದಿನ ನನ್ನ ರಿಪೇರಿಯೇ ತಪ್ಪಾಗಿ ನಿಂತಿತು.

ಹಾಗಾಗಿ ಈ ಲೇಖನದಲ್ಲಿ ಸೂಜಿ ತಡವಾಗಿ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ನೀರು ಬರುವ ದಾರಿ

ಬಾನೆಟ್ ಎತ್ತಿದರೆ ಒಂದು ಮೂಲೆಯಲ್ಲಿ ನೀರಿನ ಟ್ಯಾಂಕಿನ ಮುಚ್ಚಳ ಕಾಣುತ್ತದೆ. ಗಾಜಿನ ಮೇಲೆ ನೀರು ಚಿಮ್ಮುವ ಚಿತ್ರ ಅದರ ಮೇಲಿರುತ್ತದೆ. ಟ್ಯಾಂಕ್ ಮಾತ್ರ ಎಷ್ಟೋ ಕಾರುಗಳಲ್ಲಿ ಪೂರ್ತಿ ಕಾಣುವುದಿಲ್ಲ, ಮುಂದಿನ ಚಕ್ರದ ಪಕ್ಕದಲ್ಲಿ ಒಳಗೆ ಅಡಗಿರುತ್ತದೆ. ಸಾಮಾನ್ಯ ಕಾರಿನಲ್ಲಿ 2ರಿಂದ 5 ಲೀಟರ್ ಹಿಡಿಯುತ್ತದೆ. ಅದರ ತಳದಲ್ಲಿ ರಬ್ಬರ್ ಬುಷ್ ಒಳಗೆ ತೂರಿಸಿದ ಒಂದು ಪುಟ್ಟ 12 ವೋಲ್ಟ್ ಮೋಟರ್. ಮೋಟರಿಗೆ ಅಂಟಿಕೊಂಡ ಸಣ್ಣ ರೆಕ್ಕೆಚಕ್ರ ಗಿರ್ರನೆ ತಿರುಗಿ ನೀರನ್ನು ಪೈಪಿಗೆ ತಳ್ಳುತ್ತದೆ. ಪೈಪು ಬಾನೆಟ್ಟಿನ ಹಿಂಜ್ ಪಕ್ಕದಲ್ಲಿ ಮೇಲೇರಿ, ಟಿ ಜಾಯಿಂಟ್ ಹತ್ತಿರ ಎರಡಾಗಿ, ಎರಡು ನಾಝಲ್‌ಗಳಿಗೆ ಹೋಗುತ್ತದೆ. ನಡುವೆ ಎಲ್ಲೋ ಒಂದು ಕಡೆ ಒಮ್ಮುಖ ವಾಲ್ವ್ ಇರುತ್ತದೆ. ನೀರನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಟ್ಯಾಂಕಿಗೆ ಇಳಿಯದ ಹಾಗೆ ತಡೆಯುವುದು ಅದರ ಕೆಲಸ.

ಇಷ್ಟೇ. ಇದರಲ್ಲಿ ಬಚ್ಚಿಟ್ಟ ಗುಟ್ಟೇನೂ ಇಲ್ಲ. ಹಳೇ ಕಾಲದ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಂತೂ ಮೋಟರ್ ಕೂಡ ಇರಲಿಲ್ಲ. ಅದರ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಮುಂದಿನ ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿ ಟೈರಿನ ಗಾಳಿಯನ್ನೇ ನೀರಿನ ಟ್ಯಾಂಕಿಗೆ ಬಿಟ್ಟು, ಆ ಒತ್ತಡದಿಂದಲೇ ನೀರು ಚಿಮ್ಮಿಸುತ್ತಿದ್ದರು. ಟೈರ್ ಪೂರ್ತಿ ಇಳಿದುಹೋಗದ ಹಾಗೆ ನಡುವೆ ಒಂದು ವಾಲ್ವ್ ಇಟ್ಟಿದ್ದರು ಅನ್ನೋದೊಂದು ಸಮಾಧಾನ.

ರಭಸಕ್ಕೂ ಗುರಿಗೂ ಏನು ಸಂಬಂಧ ಅಂತ ಒಂದು ಚಿಕ್ಕ ಲೆಕ್ಕ ಹಾಕೋಣ. ನಾಝಲ್ ಬಾಯಲ್ಲಿ ಒತ್ತಡ 1 ಬಾರ್ ಅಂತ ಇಟ್ಟುಕೊಳ್ಳಿ. ಆಗ ನೀರು ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಜಿನ ಗುರಿ 50 ಸೆಂಟಿಮೀಟರ್ ದೂರ. ಅಷ್ಟು ದೂರ ಹಾರುವುದರೊಳಗೆ ಭೂಮಿ ಆ ನೀರನ್ನು ಕೆಳಗೆ ಎಳೆಯುವುದು ಬರೀ 6 ಮಿಲಿಮೀಟರ್. ಲೆಕ್ಕಕ್ಕೇ ಇಲ್ಲ. ಈಗ ತೂತು ಅರ್ಧ ಕಟ್ಟಿಕೊಂಡು, ಪೈಪು ಸೋರಿ, ವೇಗ ಕಾಲುಭಾಗಕ್ಕೆ ಇಳಿಯಿತು ಅನ್ನಿ. ಅದೇ 50 ಸೆಂಟಿಮೀಟರ್ ಹಾರಲು ನೀರಿಗೆ ನಾಲ್ಕು ಪಟ್ಟು ಹೊತ್ತು ಬೇಕು. ಕುಸಿತ ಮಾತ್ರ ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು: 10 ಸೆಂಟಿಮೀಟರ್. ಗಾಜು ಇಳಿಜಾರಾಗಿ ಇರುವುದರಿಂದ ನೀರು ಬೀಳುವ ಜಾಗ ಇನ್ನೂ ಜಾಸ್ತಿ ಕೆಳಗೆ ಸರಿಯುತ್ತದೆ. ನನ್ನ ಎಡಗಡೆ ನಾಝಲ್‌ನಲ್ಲಿ ಆಗಿದ್ದು ಇದೇ. ನೋಡುವವನಿಗೆ ಮಾತ್ರ ನಾಝಲ್ ತಲೆ ತಗ್ಗಿಸಿದ ಹಾಗೆ ಕಾಣುತ್ತದೆ.

ಮೊದಲು ರಭಸ ನೋಡಿ

ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು, ಕಡ್ಡಿ ಎಳೆಯಿರಿ. ಬಾನೆಟ್ ಹತ್ತಿರ ಇನ್ನೊಬ್ಬರು ನಿಂತು ಕಿವಿಗೊಡಲಿ. ಗುಂಯ್ ಅನ್ನುವ ಸದ್ದು ಕೇಳಬೇಕು. ಸದ್ದೇ ಇಲ್ಲ ಅಂದರೆ ಫ್ಯೂಸ್, ವೈರು ಅಥವಾ ಮೋಟರ್ ಹೋಗಿದೆ. ಅದು ಬೇರೆ ಕಥೆ. ಸದ್ದು ಬರುತ್ತಿದೆ, ನೀರು ಮಾತ್ರ ಮಂಕಾಗಿ ಬರುತ್ತಿದೆ ಅಂದರೆ ಮುಂದೆ ಓದಿ.

ಟ್ಯಾಂಕ್ ತುಂಬಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಖಾಲಿ ಟ್ಯಾಂಕಿನಲ್ಲಿ ಮೋಟರ್ ಓಡಿಸಬಾರದು, ಅದಕ್ಕೆ ತಂಪು ಕೊಡುವುದೂ ನೀರೇ, ನುಣುಪು ಕೊಡುವುದೂ ನೀರೇ. ತುಂಬಿದ್ದರೂ ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಜಾಸ್ತಿ ಎಳೆದು ಹಿಡಿಯಬೇಡಿ.

ಈಗ ಒಂದೇ ಒಂದು ಪರೀಕ್ಷೆ, ಅರ್ಧ ಸಂಶಯ ಅದರಲ್ಲೇ ಬಗೆಹರಿಯುತ್ತದೆ. ಸೋತ ನಾಝಲ್‌ನ ಕೆಳಗೆ ಸಿಕ್ಕಿಸಿರುವ ಪೈಪನ್ನು ಬಿಚ್ಚಿ. ಅದರ ತುದಿಯನ್ನು ಒಂದು ಬಾಟಲಿಯೊಳಗೆ ಹಿಡಿದು ಕಡ್ಡಿ ಎಳೆಯಿಸಿ. ನೀರು ಬುಸ್ಸೆಂದು ಬಂದರೆ ಪೈಪು, ಮೋಟರ್ ಎರಡೂ ಚೆನ್ನಾಗಿವೆ, ನಾಝಲ್ ಕಟ್ಟಿಕೊಂಡಿದೆ. ಪೈಪಿನಿಂದಲೂ ನೀರು ಜೋತು ಬಿದ್ದ ಹಾಗೆ ಬಂದರೆ ತೊಂದರೆ ಹಿಂದೆಲ್ಲೋ ಇದೆ. ಹಳೇ ಪೈಪು ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಎಳೆದಾಡಬೇಡಿ, ಸೀಳುತ್ತದೆ. ತುದಿಗೆ ಸ್ವಲ್ಪ ಬಿಸಿನೀರು ಹಾಕಿದರೆ ಮೆತ್ತಗಾಗಿ ಜಾರಿ ಬರುತ್ತದೆ.

ಹಿಂದೆ ಎಲ್ಲಿ ಹುಡುಕುವುದು? ನಾನು ಮೊದಲು ನೋಡುವುದು ಬಾನೆಟ್ಟಿನ ಹಿಂಜ್ ಹತ್ತಿರ. ಬಾನೆಟ್ ತೆಗೆದು ಹಾಕುವಾಗಲೆಲ್ಲ ಪೈಪು ಅಲ್ಲೇ ಮಡಚಿ ಬಿಚ್ಚಿಕೊಳ್ಳುವುದು. ಬಿರುಕು ಬಿಡುವುದೂ ಅಲ್ಲೇ, ಮಡಿಕೆ ಬಿದ್ದು ನೀರಿಗೆ ದಾರಿ ಮುಚ್ಚುವುದೂ ಅಲ್ಲೇ. ಆಮೇಲೆ ಟಿ ಜಾಯಿಂಟ್. ಬಾನೆಟ್ ಒಳಮೈಯಲ್ಲಿ ಒದ್ದೆ ಕಲೆ ಕಂಡರೆ ಸೋರುವ ಜಾಗ ಅಲ್ಲೇ ಹತ್ತಿರದಲ್ಲಿದೆ ಅಂತ ಅರ್ಥ. ಎರಡೂ ಕಡೆ ಒಂದೇ ಥರ ಸೋತಿದ್ದರೆ ಟ್ಯಾಂಕಿನ ತಳದಲ್ಲಿ, ಮೋಟರ್ ಬಾಯಲ್ಲಿರುವ ಸಣ್ಣ ಜಾಲರಿಗೆ ಲೋಳೆ ಹತ್ತಿರುತ್ತದೆ. ಅಪರೂಪಕ್ಕೆ ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿ, ಒಳಗೆ ಗಾಳಿ ಹೋಗದೆ ನೀರು ಕಟ್ಟಿಕೊಳ್ಳುವುದೂ ಉಂಟು. ಮುಚ್ಚಳ ತೆಗೆದು ಒಮ್ಮೆ ಎಳೆದು ನೋಡಿದರೆ ಅದೂ ಗೊತ್ತಾಗುತ್ತದೆ.

ಇನ್ನೊಂದು ಲಕ್ಷಣ: ಎಳೆದ ಮೇಲೆ ನೀರು ಬರಲು ಎರಡು ಸೆಕೆಂಡು ಹಿಡಿಯುತ್ತದೆ, ಒಮ್ಮೆ ಬಂತೆಂದರೆ ರಭಸವಾಗಿಯೇ ಬರುತ್ತದೆ. ಇದು ಒಮ್ಮುಖ ವಾಲ್ವ್ ಕೆಲಸ ಬಿಟ್ಟ ಗುರುತು. ಪೈಪಿನ ನೀರೆಲ್ಲ ಟ್ಯಾಂಕಿಗೆ ವಾಪಸ್ ಇಳಿದುಹೋಗಿ, ಪ್ರತಿ ಸಲ ಮೊದಲಿಂದ ತುಂಬಬೇಕಾಗುತ್ತದೆ. ಅಷ್ಟರಲ್ಲಿ ವೈಪರ್ ಒಣಗಾಜಿನ ಮೇಲೆ ಒಂದು ಸುತ್ತು ಮುಗಿಸಿರುತ್ತದೆ. ಹೊಸ ವಾಲ್ವ್ ಹಾಕುವಾಗ ಅದರ ಮೈಮೇಲಿನ ಬಾಣದ ಗುರುತು ನಾಝಲ್ ಕಡೆಗೆ ಇರಲಿ. ತಿರುಗಾಮುರುಗಾ ಹಾಕಿದರೆ ಒಂದು ಹನಿಯೂ ಬರುವುದಿಲ್ಲ.

ನಾಝಲ್ ಯಾಕೆ ಕಟ್ಟಿಕೊಳ್ಳುತ್ತದೆ? ಒಂದು ಕಾರಣ ಹೊರಗಿನದು. ಕಾರಿಗೆ ಪಾಲಿಶ್ ಹಚ್ಚಿದಾಗ ಅದು ತೂತಿನಲ್ಲಿ ಕೂತು ಒಣಗುತ್ತದೆ. ಇನ್ನೊಂದು ಒಳಗಿನದು. ಗಡಸು ನೀರು ಹಾಕುತ್ತಿದ್ದರೆ, ಎಂಜಿನ್ ಬಿಸಿಗೆ ತೂತಿನ ತುದಿಯ ಹನಿ ಆರಿ, ಅದರಲ್ಲಿದ್ದ ಸುಣ್ಣ ಬಿಳಿ ಪೊರೆಯಾಗಿ ಅಲ್ಲೇ ಉಳಿಯುತ್ತದೆ. ದಿನಾ ಒಂದೊಂದು ಪದರ. ಈ ಪೊರೆ ತೂತಿನ ಒಂದು ಪಕ್ಕಕ್ಕೆ ಮಾತ್ರ ಬೆಳೆದರೆ ನೀರು ಅದಕ್ಕೆ ತಾಗಿ ಓರೆಯಾಗಿ ಹೊರಡುತ್ತದೆ. ನಾಝಲ್ ನೆಟ್ಟಗಿದೆ, ನೀರು ಮಾತ್ರ ಸೊಟ್ಟ! ಇಂಥ ಕಡೆ ಸೂಜಿ ಹಾಕಿ ದಿಕ್ಕು ಬದಲಿಸಿದರೆ ಪೊರೆ ಉದುರಿದ ದಿನ ಮತ್ತೆ ಮೊದಲಿಂದ ಶುರು.

ಸುಣ್ಣಕ್ಕೆ ಮದ್ದು ಬಿಳಿ ವಿನಿಗರ್. ನಾಝಲ್ ಬಿಚ್ಚಿ ಅರ್ಧ ಗಂಟೆ ಅದರಲ್ಲಿ ಮುಳುಗಿಸಿಡಿ. ಬಾನೆಟ್ ಒಳಗಿಂದ ಎರಡು ಪಕ್ಕದ ಪ್ಲಾಸ್ಟಿಕ್ ಕಿವಿಗಳನ್ನು ಒತ್ತಿ ಮೇಲಕ್ಕೆ ತಳ್ಳಿದರೆ ಹೆಚ್ಚಿನ ನಾಝಲ್‌ಗಳು ಟಕ್ ಅಂತ ಬಿಚ್ಚಿಕೊಳ್ಳುತ್ತವೆ. ಮುಂಚೆಯೇ ಸುತ್ತ ಟೇಪ್ ಅಂಟಿಸಿದರೆ ಪೇಂಟ್ ಗೀರುವುದಿಲ್ಲ. ಚಳಿ ದೇಶದ ಕಾರುಗಳಲ್ಲಿ ನಾಝಲ್‌ಗೆ ಬಿಸಿ ಕೊಡುವ ವೈರೂ ಇರಬಹುದು, ಅದನ್ನು ಕಿತ್ತುಬಿಟ್ಟೀರಿ, ಹುಷಾರು. ನೆನೆದ ಮೇಲೆ ಗಾಳಿ ಊದುವುದು ಹೊರಗಿನ ತೂತಿನಿಂದ ಒಳಕ್ಕೆ, ನೀರು ಬರುವ ದಿಕ್ಕಿಗೆ ಉಲ್ಟಾ. ಒಳಗಿನಿಂದ ಊದಿದರೆ ಕಸ ಕಿರಿದಾದ ತುದಿಗೆ ಹೋಗಿ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಎರಡೂ ನಾಝಲ್ ಒಟ್ಟಿಗೆ ಬಿಚ್ಚಿದ್ದರೆ ಯಾವುದು ಎಡ, ಯಾವುದು ಬಲ ಅಂತ ಗುರುತು ಹಾಕಿಡಿ. ಎಷ್ಟೋ ಕಾರುಗಳಲ್ಲಿ ಅವು ಜೋಡಿ, ಅದಲುಬದಲಾದರೆ ನೀರು ಅಡ್ಡಾದಿಡ್ಡಿ ಹೋಗುತ್ತದೆ.

ಟ್ಯಾಂಕಿಗೆ ಏನು ಹಾಕಬೇಕು ಅನ್ನುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರೀ ನಲ್ಲಿನೀರು ಬೇಡ. ಪಾತ್ರೆ ತೊಳೆಯುವ ಸೋಪೂ ಬೇಡ, ಅದು ನೊರೆ ಕಟ್ಟಿ ಗಾಜಿನ ಮೇಲೆ ಮಬ್ಬು ಉಳಿಸುತ್ತದೆ. ಇದಕ್ಕೆಂದೇ ಬರುವ ವಾಷರ್ ದ್ರವ ಹಾಕಿ, ನೀರು ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬರೀ ನೀರು ಬೇಡ ಅನ್ನಲು ಪಾಚಿ ಮಾತ್ರ ಕಾರಣವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲೀಜನೇರ್ಸ್ ಎಂಬ ನ್ಯುಮೋನಿಯಾ ಬಗ್ಗೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾಷರ್ ದ್ರವ ಹಾಕದ ಟ್ಯಾಂಕಿಗೂ ಆ ಕಾಯಿಲೆಗೂ ನಂಟು ಇರುವುದನ್ನು ತೋರಿಸಿತು. ನಿಂತ ಬೆಚ್ಚನೆಯ ನೀರಿನಲ್ಲಿ ಅದರ ಬ್ಯಾಕ್ಟೀರಿಯಾ ಬೆಳೆಯುತ್ತದೆ, ತುಂತುರಾಗಿ ಹಾರಿದರೆ ಉಸಿರಿನಲ್ಲಿ ಒಳಗೆ ಹೋಗುತ್ತದೆ. ಕಾರಿನೊಳಗೆ ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದೂ ಗಾಜಿನ ಬುಡದಲ್ಲೇ. ವಾಷರ್ ಹಾಕಿದಾಗ ದ್ರವದ ವಾಸನೆ ಒಳಗೆ ಬರುವುದು ಆ ಕಾರಣಕ್ಕೇ.

ಗುಂಡು, ಸೂಜಿ ಮತ್ತು ಒಂದು ಡಿಗ್ರಿ

ರಭಸ ಸರಿಯಿದೆ, ತೂತು ಚೊಕ್ಕವಾಗಿದೆ, ಆದರೂ ನೀರು ಎಲ್ಲೋ ಹೋಗುತ್ತಿದೆ. ಈಗ ಸೂಜಿಯ ಸರದಿ. ಅದಕ್ಕೂ ಮುಂಚೆ ನಾಝಲ್ ಬಾಯನ್ನು ಹತ್ತಿರದಿಂದ ನೋಡಿ. ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡು, ಅದರ ನಡುವೆ ದುಂಡನೆಯ ಕಿರುತೂತು ಕಾಣುತ್ತದೆಯಾ? ಹಾಗಿದ್ದರೆ ಇದು ತಿರುಗಿಸುವ ಜಾತಿ. ಕೆಲವು ನಾಝಲ್‌ಗಳಲ್ಲಿ ಇಂಥ ಗುಂಡು ಎರಡಿರುತ್ತವೆ. ಗುಂಡು ಪ್ಲಾಸ್ಟಿಕ್ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ಕಣ್ಣುಗುಡ್ಡೆಯ ಹಾಗೆ ಎತ್ತ ಬೇಕಾದರೂ ಹೊರಳುತ್ತದೆ. ಗುಂಡು ಕಾಣದೆ ಅಡ್ಡ ಸೀಳು ಅಥವಾ ಚೌಕಾಕಾರದ ಕಿಂಡಿ ಕಂಡರೆ ಸೂಜಿ ಕೆಳಗಿಡಿ. ಆ ಜಾತಿಯ ವಿಷಯ ಕೊನೆಗೆ ಹೇಳುತ್ತೇನೆ.

ಸೂಜಿ ತೂತಿಗೆ ಸರಿಯಾಗಿ ಕೂರುವಷ್ಟು ದಪ್ಪ ಇರಬೇಕು. ತೀರಾ ಸಣ್ಣದಾದರೆ ಒಳಗೆ ಸಡಿಲವಾಗಿ ಆಡಿ ತೂತಿನ ಅಂಚನ್ನು ಕೆರೆಯುತ್ತದೆ, ಅಂಚು ಕೆಟ್ಟರೆ ಧಾರೆ ಚೆದುರುತ್ತದೆ. ಬಟ್ಟೆ ಹೊಲಿಯುವ ಸಪೂರ ಸೂಜಿ ಬೇಡವೇ ಬೇಡ, ಅದು ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ತುಂಡು ಒಳಗೆ ಉಳಿದರೆ ನಾಝಲ್ ಬದಲಿಸುವುದೊಂದೇ ದಾರಿ. ಮೆಲ್ಲಗೆ 2–3 ಮಿಲಿಮೀಟರ್ ಒಳಗೆ ಹೋದರೆ ಸಾಕು. ಗುಂಡು ಜಪ್ಪಯ್ಯ ಅಂದರೂ ಅಲ್ಲಾಡದಿದ್ದರೆ ಬಲ ಹಾಕಬೇಡಿ. ಸುತ್ತ ಸುಣ್ಣ ಕಟ್ಟಿರುತ್ತದೆ. ಎರಡು ಹನಿ ವಿನಿಗರ್ ಬಿಟ್ಟು ಸ್ವಲ್ಪ ಹೊತ್ತು ಕಾದು ನೋಡಿ, ಆಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಇಡಿ. ವಿನಿಗರ್ ಪೇಂಟ್ ಮೇಲೆ ಒಣಗದ ಹಾಗೆ ನೀರಿನಿಂದ ಒರೆಸಿ.

ಎಷ್ಟು ತಿರುಗಿಸಬೇಕು? ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ನಾಝಲ್‌ನಿಂದ ಗಾಜಿಗೆ 50 ಸೆಂಟಿಮೀಟರ್ ಇದ್ದರೆ, ಗುಂಡನ್ನು 1 ಡಿಗ್ರಿ ಹೊರಳಿಸಿದಾಗ ಧಾರೆ ಆ ದೂರದಲ್ಲಿ ಸುಮಾರು 9 ಮಿಲಿಮೀಟರ್ ಸರಿಯುತ್ತದೆ. ಪರವಾಗಿಲ್ಲ ಅನ್ನಿಸಬಹುದು. ಆದರೆ ಗಾಜು ಧಾರೆಗೆ ಎದುರಾಗಿ ಗೋಡೆಯ ಹಾಗೆ ನಿಂತಿಲ್ಲ, ಹಿಂದಕ್ಕೆ ಒರಗಿದೆ. ನೀರು ಅದನ್ನು ಸವರಿಕೊಂಡು ಹೋಗುವ ಹಾಗೆ ತಾಗುತ್ತದೆ. ಟಾರ್ಚ್ ಬೆಳಕನ್ನು ಗೋಡೆಗೆ ನೇರ ಬಿಟ್ಟರೆ ದುಂಡಗೆ ಬೀಳುತ್ತದೆ, ಓರೆಯಾಗಿ ಬಿಟ್ಟರೆ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಅಲ್ವಾ? ಇಲ್ಲೂ ಅದೇ. ಧಾರೆಗೂ ಗಾಜಿಗೂ ನಡುವೆ 20 ಡಿಗ್ರಿ ಕೋನ ಇದ್ದರೆ ಆ 9 ಮಿಲಿಮೀಟರ್ ಗಾಜಿನ ಮೇಲೆ 25 ಮಿಲಿಮೀಟರ್ ಆಗುತ್ತದೆ.

ಈಗ ನಿಮ್ಮ ಕೈ ನೋಡಿ. ಸೂಜಿಯನ್ನು ಗುಂಡಿನಿಂದ 3 ಸೆಂಟಿಮೀಟರ್ ದೂರದಲ್ಲಿ ಹಿಡಿದಿದ್ದೀರಿ. ಬೆರಳು 1 ಮಿಲಿಮೀಟರ್ ಅಲ್ಲಾಡಿದರೆ ಗುಂಡು ಹತ್ತಿರ ಹತ್ತಿರ 2 ಡಿಗ್ರಿ ತಿರುಗುತ್ತದೆ. ಗಾಜಿನ ಮೇಲೆ ನೀರು 5 ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ. ಅಂದರೆ ನಿಮ್ಮ ಬೆರಳಿನ ಆಟವನ್ನು ಗಾಜು ಐವತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ನಾನು ಮೊದಲ ಸಲ ಮಾಡಿದ ಹಾಗೆ ಕಣ್ಣಿಗೆ ಕಾಣುವಷ್ಟು ತಿರುಗಿಸಿದರೆ ನೀರು ಗಾಜಿನ ಆ ತುದಿಯಿಂದ ಈ ತುದಿಗೆ ಹೋಗುತ್ತದೆ. ತಿರುಗಿಸಿದೆ ಅನ್ನುವುದಕ್ಕಿಂತ ಒತ್ತಿ ನೋಡಿದೆ ಅನ್ನಬೇಕು, ಅಷ್ಟು ಸಾಕು. ಒತ್ತಿ, ಸೂಜಿ ಹೊರಗೆ ತೆಗೆದು, ನೀರು ಬಿಟ್ಟು ನೋಡಿ. ಮತ್ತೆ ಒತ್ತಿ.

ಒಂದು ಸಲಕ್ಕೆ ಒಂದೇ ಗುಂಡು. ಎರಡನ್ನೂ ಒಟ್ಟಿಗೆ ಅಲ್ಲಾಡಿಸಿದರೆ ಯಾವ ನೀರು ಯಾವುದರದ್ದು ಅಂತ ತಲೆ ಕೆಡುತ್ತದೆ.

ಗುರಿ ಎಲ್ಲಿ?

ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಗಾಜಿನ ಅಂಚಿನಿಂದ ಇಷ್ಟು ಮಿಲಿಮೀಟರ್ ಅಂತ ಗುರಿಯ ಲೆಕ್ಕ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಇಲ್ಲದಿದ್ದರೆ ನಾನು ಹೀಗೆ ಮಾಡುತ್ತೇನೆ. ಡ್ರೈವರ್ ಸೀಟಿನಲ್ಲಿ ಯಾವಾಗಲೂ ಕೂರುವ ಹಾಗೆ ಕೂತು, ಕಣ್ಣಿನ ನೇರಕ್ಕೆ ಗಾಜಿನ ಒಳಗಡೆ ಒಂದು ತುಂಡು ಟೇಪ್ ಅಂಟಿಸುತ್ತೇನೆ. ಒಳಗಡೆ ಯಾಕೆ ಅಂದರೆ ಹೊರಗೆ ಅಂಟಿಸಿದರೆ ವೈಪರ್ ಕಿತ್ತುಹಾಕುತ್ತದೆ. ವೈಪರ್ ಕಮಾನಿನಂತೆ ಒರೆಸುವ ಜಾಗದ ಎತ್ತರವನ್ನು ಮೂರು ಪಾಲು ಮಾಡಿದರೆ, ಕೆಳಗಿನಿಂದ ಎರಡು ಪಾಲು ಮುಗಿಯುವಲ್ಲಿ ಇನ್ನೊಂದು ಟೇಪ್. ಪಕ್ಕದ ಸೀಟಿನ ಕಡೆಗೂ ಅದೇ ಎತ್ತರಕ್ಕೆ ಒಂದು. ನಿಂತ ಕಾರಿನಲ್ಲಿ ನೀರು ಈ ಮೇಲಿನ ಟೇಪಿನ ಹತ್ತಿರ ಬೀಳಬೇಕು.

ಕಣ್ಣಿನ ನೇರಕ್ಕಿಂತ ಮೇಲೆ ಯಾಕೆ? ನೀವು ಓಡಿಸುವಾಗ ಅದು ಅಲ್ಲಿ ಬೀಳುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್. ಆಗಲೇ ನೋಡಿದ ನೀರಿನ ವೇಗ 14 ಮೀಟರ್. ಗಾಳಿ ನೀರಿಗಿಂತ ಎರಡು ಪಟ್ಟು ಜೋರು! ಬಾನೆಟ್ಟಿನಿಂದ ಮೇಲಕ್ಕೆ ಹೊರಟ ಧಾರೆಯನ್ನು ಅದು ನಡುದಾರಿಯಲ್ಲೇ ಹಿಂದಕ್ಕೆ, ಗಾಜಿನ ಕಡೆಗೆ ನೂಕುತ್ತದೆ. ಮೇಲೇರುವುದಕ್ಕೆ ಮುಂಚೆಯೇ ನೀರು ಗಾಜಿಗೆ ತಾಗುತ್ತದೆ, ಅಂದರೆ ಕೆಳಗೆ. ನಿಂತ ಕಾರಿನಲ್ಲಿ ಕಣ್ಣಿನ ನೇರಕ್ಕೆ ಹದ ಮಾಡಿಟ್ಟವರ ನೀರು ದೊಡ್ಡ ರಸ್ತೆಯಲ್ಲಿ ವೈಪರ್ ಬುಡಕ್ಕೆ ಬೀಳುವುದು ಇದಕ್ಕೇ.

ಹಾಗಂತ ತೀರಾ ಮೇಲಕ್ಕೆ ಇಡುವಂತೆಯೂ ಇಲ್ಲ. ಊರೊಳಗೆ ನಿಧಾನಕ್ಕೆ ಹೋಗುವಾಗ ನೀರು ಛಾವಣಿ ಹತ್ತುತ್ತದೆ, ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ ಎರಚುತ್ತದೆ. ಕೆಳಗೆ ಬಿದ್ದ ನೀರನ್ನು ವೈಪರ್ ಸ್ವಲ್ಪ ಮಟ್ಟಿಗೆ ಮೇಲೆ ಒಯ್ಯುತ್ತದೆ, ಆದರೆ ಪೂರ್ತಿ ಅಲ್ಲ. ಮೇಲಿನ ಅರ್ಧ ಒಣಗಿಯೇ ಉಳಿದು ಕೊಳೆ ಬಳಿದುಕೊಳ್ಳುತ್ತದೆ. ಗಾಜಿನ ಮೇಲ್ತುದಿಯಲ್ಲಿ, ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಅದರ ಮುಂದಿನ ಜಾಗಕ್ಕೂ ನೀರು ತಲುಪಬೇಕು. ಈ ಎಲ್ಲದರ ನಡುವೆ ಒಂದು ರಾಜಿ ಅಷ್ಟೇ. ಯೂರೋಪಿಯನ್ ಒಕ್ಕೂಟದ 2010ರ ವಾಹನ ನಿಯಮ ಕೂಡ ಗಾಜು ನೂರಕ್ಕೆ ನೂರು ತೊಳೆಯಬೇಕು ಅಂದಿರಲಿಲ್ಲ. ಚಾಲಕನ ನೋಟದ ಮುಖ್ಯ ಭಾಗದಲ್ಲಿ 60 ಶೇಕಡಾ ಚೊಕ್ಕ ಮಾಡುವಷ್ಟು ದ್ರವ ಬರಬೇಕು, ಟ್ಯಾಂಕ್ ಕನಿಷ್ಠ 1 ಲೀಟರ್ ಇರಬೇಕು ಅಂತ ಕೇಳಿತ್ತು.

ನೀರು ಎಲ್ಲಿ ಬಿತ್ತು ಅಂತ ನೋಡುವುದೂ ಸುಲಭವಲ್ಲ. ಕಡ್ಡಿ ಎಳೆದ ಕೂಡಲೇ ವೈಪರ್ ಬಂದು ಸಾಕ್ಷಿಯನ್ನೆಲ್ಲ ಒರೆಸಿಬಿಡುತ್ತದೆ. ವೈಪರ್ ತೋಳು ಎತ್ತಿ ನಿಲ್ಲಿಸಿ ನೀರು ಬಿಡುತ್ತೇನೆ ಅನ್ನಬೇಡಿ, ಎತ್ತಿದ ತೋಳು ಹಾಗೇ ಆಡಲು ಹೋಗಿ ಬಾನೆಟ್ಟಿಗೆ ಬಡಿಯುತ್ತದೆ. ಗಾಜಿನ ಮೇಲೆ ತೆಳ್ಳಗೆ ಧೂಳು ಇರುವಾಗಲೇ ಈ ಕೆಲಸಕ್ಕೆ ಕೂರಿ. ಕಡ್ಡಿಯನ್ನು ಸುಮ್ನೆ ಒಂದು ಕ್ಷಣ ಮುಟ್ಟಿ ಬಿಟ್ಟರೆ ಕೆಲವು ಕಾರುಗಳಲ್ಲಿ ವೈಪರ್ ಬರುವುದಕ್ಕೆ ಮೊದಲೇ ಒಂದು ಚಿಮ್ಮು ನೀರು ಬಂದು ಧೂಳಿನಲ್ಲಿ ಗುರುತು ಬಿಡುತ್ತದೆ. ಇಲ್ಲದಿದ್ದರೆ ಇನ್ನೊಬ್ಬರು ಪಕ್ಕದಲ್ಲಿ ನಿಂತು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಲಿ. ನನಗೆ ಇದೇ ಹೆಚ್ಚು ಇಷ್ಟ. ಧಾರೆ ಹೊರಟು, ನಡುವೆ ಸ್ವಲ್ಪ ಬಾಗಿ, ಗಾಜಿಗೆ ತಾಗಿ ಬಿಳಿ ಹೂವಿನ ಹಾಗೆ ಅರಳುವುದು ಒಂದೊಂದೇ ಹಂತವಾಗಿ ಕಾಣುತ್ತದೆ.

ಸೀಳು ಬಾಯಿಯ ಜಾತಿ

ಈಗಿನ ಎಷ್ಟೋ ಕಾರುಗಳಲ್ಲಿ ನೀರು ದಾರದ ಹಾಗೆ ಬರುವುದಿಲ್ಲ, ಬೀಸಣಿಗೆಯ ಹಾಗೆ ಅಗಲವಾಗಿ ಹರಡಿಕೊಂಡು ಬರುತ್ತದೆ. ಒಳಗೆ ಏನೋ ಅಲ್ಲಾಡುತ್ತಿದೆ ಅಂದುಕೊಂಡರೆ ತಪ್ಪು. ಅದರೊಳಗೆ ತಿರುಗುವ, ಅಲ್ಲಾಡುವ ಭಾಗ ಒಂದೂ ಇಲ್ಲ.

ನಲ್ಲಿ ಸಣ್ಣಗೆ ಬಿಟ್ಟು, ಒಂದು ಚಮಚದ ಬೆನ್ನನ್ನು ನೀರಿನ ಎಳೆಗೆ ತಾಗಿಸಿ ನೋಡಿ. ನೀರು ನೆಟ್ಟಗೆ ಬೀಳುವುದು ಬಿಟ್ಟು ಚಮಚದ ಉಬ್ಬಿಗೆ ಅಂಟಿಕೊಂಡು ಓರೆಯಾಗಿ ಹರಿಯುತ್ತದೆ. ಹರಿಯುವ ದ್ರವ ಪಕ್ಕದ ಮೈಗೆ ಹೀಗೆ ಅಂಟಿಕೊಳ್ಳುವ ಗುಣಕ್ಕೆ ರೊಮೇನಿಯಾದ ಎಂಜಿನಿಯರ್ ಹೆನ್ರಿ ಕೊಯಾಂಡಾ ಹೆಸರಿದೆ. ಬೀಸಣಿಗೆ ನಾಝಲ್ ಒಳಗೆ ಒಂದು ಪುಟ್ಟ ಕೋಣೆ, ಅದಕ್ಕೆ ಎರಡು ಗೋಡೆ. ನೀರು ಮೊದಲು ಒಂದು ಗೋಡೆಗೆ ಅಂಟಿ ಹರಿಯುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಕ್ಕದ ಕಿರುದಾರಿಯಿಂದ ಸುತ್ತಿ ವಾಪಸ್ ಬಂದು, ಹರಿವನ್ನು ಬುಡದಲ್ಲೇ ಇನ್ನೊಂದು ಗೋಡೆಗೆ ತಳ್ಳುತ್ತದೆ. ಆ ಕಡೆಯೂ ಅದೇ ಆಗುತ್ತದೆ. ಆ ಗೋಡೆ, ಈ ಗೋಡೆ ಅಂತ ನೀರು ಎಷ್ಟು ಬೇಗ ಹೊಯ್ದಾಡುತ್ತದೆ ಅಂದರೆ, ನಮ್ಮ ಕಣ್ಣಿಗೆ ಅದು ಒಂದು ಅಗಲವಾದ ಪರದೆಯಾಗಿ ಕಾಣುತ್ತದೆ. 1960ರ ಹೊತ್ತಿಗೆ, ಮುಂದೆ ಹ್ಯಾರಿ ಡೈಮಂಡ್ ಪ್ರಯೋಗಾಲಯ ಅಂತ ಹೆಸರಾದ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ ಇಂಥ ಹರಿವಿನ ಆಟದ ಮೇಲೆ ಕೆಲಸ ನಡೆಯುತ್ತಿತ್ತು. ಅವರಿಗೆ ಬೇಕಿದ್ದದ್ದು ಅಲ್ಲಾಡುವ ಭಾಗವಿಲ್ಲದ ಕಂಟ್ರೋಲ್ ಸಾಧನ. ನಮಗೆ ಅದರಿಂದ ಗಾಜು ತೊಳೆಯುವ ನಾಝಲ್ ಸಿಕ್ಕಿತು.

ಈ ಕೋಣೆಗೆ ಸೂಜಿ ತೂರಿಸಿದರೆ ಏನಾಗುತ್ತದೆ ಅಂತ ಈಗ ಹೇಳಬೇಕಾಗಿಲ್ಲ. ಗೋಡೆಯ ಮೇಲೆ ಒಂದು ಗೀರು ಬಿದ್ದರೆ ನೀರು ಒಂದೇ ಕಡೆ ಅಂಟಿಕೊಂಡು ಬೀಸಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಇವುಗಳನ್ನು ಬಿಚ್ಚಿ ವಿನಿಗರ್‌ನಲ್ಲಿ ನೆನೆಸಿ, ಉಲ್ಟಾ ಊದುವುದಷ್ಟೇ. ಎತ್ತರ ಬದಲಿಸಬೇಕಾದರೆ ಹೊರಗಿನ ಮೈಯಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ. ಕೆಲವದರಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ತುದಿಯಿಂದ ಬಾಯಿಯ ಭಾಗವನ್ನೇ ಮೇಲೆ ಕೆಳಗೆ ಒತ್ತಬಹುದು. ಎಡ–ಬಲಕ್ಕೆ ಸಾಮಾನ್ಯವಾಗಿ ತಿರುಗಿಸಲು ಬರುವುದಿಲ್ಲ. ಎರಡೂ ಇಲ್ಲದ, ಫ್ಯಾಕ್ಟರಿಯಲ್ಲೇ ಕೂರಿಸಿದ ನಾಝಲ್ ದಿಕ್ಕು ತಪ್ಪಿದೆ ಅಂದರೆ ಅದರ ಕಿವಿ ಮುರಿದು ತೂತಿನಲ್ಲಿ ಸಡಿಲವಾಗಿ ಕೂತಿದೆಯಾ ಅಂತ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ. ವೈಪರ್ ತೋಳಿನ ಮೇಲೆಯೇ ನಾಝಲ್ ಇರುವ ಕಾರಿನವರು ಅದೃಷ್ಟವಂತರು. ನೀರು ಗಾಜಿನ ಪಕ್ಕದಲ್ಲೇ ಹುಟ್ಟುವುದರಿಂದ ಗಾಳಿಗೆ ಅದನ್ನು ತಳ್ಳಲು ಜಾಗವೇ ಸಿಗುವುದಿಲ್ಲ.

ನನ್ನ ಕಾರಿಗೆ ವಾಪಸ್ ಬರೋಣ. ಎಡಗಡೆಯ ಗುಂಡನ್ನು ಮತ್ತೆ ಕೆಳಗೆ ತಂದು, ಎರಡೂ ಧಾರೆಯನ್ನು ಮೇಲಿನ ಟೇಪಿಗೆ ಹದ ಮಾಡಿ, ಟೇಪ್ ಕಿತ್ತು ದೊಡ್ಡ ರಸ್ತೆಗೆ ಹೋದೆವು. ತಂಗಿ ಪಕ್ಕದಲ್ಲಿ ಕೂತಿದ್ದಳು. ನೋಡುವ ಕೆಲಸ ಅವಳದು, ನನ್ನ ಕಣ್ಣು ರಸ್ತೆ ಮೇಲೆ. ಹಿಂದೆ ಯಾರೂ ಇಲ್ಲದಾಗ ಕಡ್ಡಿ ಎಳೆದೆ.

“ನಿನ್ನ ಕಡೆದು ಸರಿಯಾಗಿದೆ ಅಣ್ಣ, ನಡುವಿಗಿಂತ ಚೂರು ಕೆಳಗೆ ಬಿತ್ತು. ನನ್ನ ಕಡೆದು ಇನ್ನೂ ಕೆಳಗೆ.”

ಅಗಲವಾದ ಜಾಗ ನೋಡಿ ಗಾಡಿ ನಿಲ್ಲಿಸಿ, ಸೂಜಿಯನ್ನು ಎಡಗಡೆಯ ಗುಂಡಿಗೆ ಹಾಕಿ ಒಮ್ಮೆ ಮೇಲಕ್ಕೆ ಒತ್ತಿದೆ. ಬೆರಳು ಅಲ್ಲಾಡಿದ್ದು ನನಗೇ ಗೊತ್ತಾಗಲಿಲ್ಲ. ಮತ್ತೆ ಹೊರಟು, ಮತ್ತೆ ಎಳೆದೆ. ಅವಳ ಎದುರಿನ ಗಾಜಿನ ನಡುವೆ ನೀರು ಅರಳಿತು, ವೈಪರ್ ಬಂದು ಒಂದೇ ಬೀಸಿಗೆ ಎಲ್ಲವನ್ನೂ ಒರೆಸಿಕೊಂಡು ಹೋಯಿತು.